ಕಣ್ಣು ಮುಚ್ಚಿದರೆ ಎದೆ ಹೊಡೆದುಕೊಳ್ಳುವವರಿಗೂ ಧ್ಯಾನ

ಕೆಲವು ವರ್ಷಗಳ ಹಿಂದೆ ನಾನಿದ್ದ ಆಫೀಸಿನಲ್ಲಿ ಒಂದು ಧ್ಯಾನದ ಕ್ಲಾಸ್ ಇಟ್ಟಿದ್ದರು. ಊಟ ಮುಗಿಸಿ ನಲವತ್ತು ಜನ ಹಾಲ್‌ನಲ್ಲಿ ಕೂತೆವು. ಲೈಟ್ ಆರಿಸಿದರು. ಬಾಗಿಲು ಹಾಕಿದರು. ಹೇಳಿಕೊಡಲು ಬಂದವರು ಮೆಲ್ಲಗೆ, 'ಕಣ್ಣು ಮುಚ್ಚಿ, ಮನಸ್ಸು ಖಾಲಿ ಮಾಡಿ' ಅಂದರು. ಸ್ವಲ್ಪ ಹೊತ್ತಿಗೆ ಅಕ್ಕಪಕ್ಕದವರ ಉಸಿರು ನಿಧಾನವಾಯಿತು. ಹಿಂದಿನ ಸಾಲಲ್ಲಿ ಒಬ್ಬರು ಗೊರಕೆಯನ್ನೂ ಶುರು ಮಾಡಿದ್ದರು. ನನಗೆ ಮಾತ್ರ ಮೂರನೇ ನಿಮಿಷಕ್ಕೆ ಎದೆ ಡವಡವ ಅನ್ನತೊಡಗಿತು. ಅಂಗೈ ಬೆವರಿತು. ಬೆನ್ನ ಹಿಂದೆ ಯಾರೋ ನಿಂತ ಹಾಗೆ ಅನ್ನಿಸಿತು. ಎದ್ದು ಹೊರಗೆ ಹೋಗಿಬಿಟ್ಟೆ. ಆಮೇಲೆ ಅವರು ನಗುತ್ತಾ, 'ನಿಮ್ಮದು ಚಂಚಲ ಮನಸ್ಸು, ಜಾಸ್ತಿ ಅಭ್ಯಾಸ ಬೇಕು' ಅಂದರು.

ಅವರ ಮಾತನ್ನು ನಂಬಿ ಎಷ್ಟೋ ದಿನ ಧ್ಯಾನ ನನಗಲ್ಲ ಅಂತ ಸುಮ್ನೆ ಇದ್ದೆ. ನಿಜ ಏನೆಂದರೆ, ಆವತ್ತು ನನ್ನ ಮನಸ್ಸು ಕಾವಲು ಕಾಯುತ್ತಿತ್ತು. ನಾನು ಬೆಳೆದ ಮನೆಯಲ್ಲಿ ರಾತ್ರಿ ಗೇಟಿನ ಚಿಲಕ ಯಾವ ರೀತಿ ಸದ್ದು ಮಾಡಿತು ಅನ್ನುವುದರ ಮೇಲೆ ಇವತ್ತು ಪೆಟ್ಟು ಬೀಳುತ್ತದೋ ಇಲ್ಲವೋ ಅಂತ ಗೊತ್ತಾಗುತ್ತಿತ್ತು. ಮೆಲ್ಲಗೆ ತೆಗೆದರೆ ಪರವಾಗಿಲ್ಲ. ದಡಾರ್ ಅಂದರೆ ಕುಡಿದು ಬಂದಿದ್ದಾರೆ. ಅಂಥ ಮನೆಯ ಮಗು ಕತ್ತಲಲ್ಲಿ ಕಣ್ಣು ಮುಚ್ಚಿ ಮನಸ್ಸು ಖಾಲಿ ಮಾಡುವುದಿಲ್ಲ. ಕಿವಿ ತೆರೆದಿಟ್ಟು ಮಲಗಿರುತ್ತದೆ.

ಧ್ಯಾನದಿಂದ ಟೆನ್ಷನ್ ಕಡಿಮೆಯಾಗುತ್ತದೆ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಬಹಳ ಮಟ್ಟಿಗೆ ನಿಜವೂ ಹೌದು. ಬಾಲ್ಯದಲ್ಲಿ ನೊಂದವರಿಗೂ ಅದು ಕೆಲಸ ಮಾಡುತ್ತದೆ. ಆದರೆ ಅವರು ಒಳಗೆ ಬರಬೇಕಾದ ಬಾಗಿಲು ಬೇರೆ. ಆ ಬಾಗಿಲು ಯಾವುದು ಅಂತ ಹೇಳಬೇಕಾದರೆ ಮೊದಲು ಮೈಯ ಲೆಕ್ಕಾಚಾರ ನೋಡಬೇಕು.

ನಾಯಿ ಮನೆಯೊಳಗೇ ಇದ್ದರೆ

ರಾತ್ರಿ ಬೈಕಿನಲ್ಲಿ ಬರುವಾಗ ಬೀದಿನಾಯಿ ಅಟ್ಟಿಸಿಕೊಂಡು ಬಂತು ಅಂದುಕೊಳ್ಳಿ. ಮೆದುಳಿನೊಳಗೆ ಬಾದಾಮಿಯ ಆಕಾರದ ಪುಟ್ಟ ಭಾಗವೊಂದಿದೆ. ಹೆಸರು ಅಮಿಗ್ಡಲಾ. ಅಪಾಯದ ಗಂಟೆ ಹೊಡೆಯುವುದು ಅದರ ಕೆಲಸ. ನೀವು 'ಅಯ್ಯೋ ನಾಯಿ' ಅಂದುಕೊಳ್ಳುವ ಮೊದಲೇ ಅದು ಗಂಟೆ ಹೊಡೆದಿರುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಮೊದಲು ಅಡ್ರಿನಲಿನ್, ಆಮೇಲೆ ಕಾರ್ಟಿಸಾಲ್ ಅನ್ನುವ ಸ್ಟ್ರೆಸ್ ಹಾರ್ಮೋನುಗಳನ್ನು ಬಿಡುತ್ತವೆ. ಎದೆಬಡಿತ ಏರುತ್ತದೆ. ರಕ್ತಕ್ಕೆ ಸಕ್ಕರೆ ಸುರಿಯುತ್ತದೆ. ಹೊಟ್ಟೆ ತನ್ನ ಕೆಲಸ ನಿಧಾನ ಮಾಡುತ್ತದೆ. ಓಡು, ಇಲ್ಲ ಹೊಡೆದಾಡು. ಎರಡು ಬೀದಿ ದಾಟಿದ ಮೇಲೆ ನಾಯಿ ಬಿಟ್ಟುಬಿಡುತ್ತದೆ. ಮನೆಗೆ ಬಂದು ನೀರು ಕುಡಿದು ಎಲ್ಲರಿಗೂ ಕಥೆ ಹೇಳುತ್ತೀರಿ. ಸ್ವಲ್ಪ ಹೊತ್ತಿನಲ್ಲಿ ಮೈ ತಣ್ಣಗಾಗುತ್ತದೆ. ಇಂಥ ಸ್ಟ್ರೆಸ್‌ನಿಂದ ಏನೂ ತೊಂದರೆ ಇಲ್ಲ. ಇದು ಇಲ್ಲದಿದ್ದರೆ ನಾವು ಉಳಿಯುತ್ತಲೇ ಇರಲಿಲ್ಲ.

ನಾಯಿ ಮನೆಯೊಳಗೇ ಇದ್ದರೆ ಕಥೆ ಬೇರೆ. ದಿನಾ ಗಂಟೆ, ದಿನಾ ಕಾರ್ಟಿಸಾಲ್. ಮಗುವಿಗೆ ಇನ್ನೂ ಒಂದು ಇಕ್ಕಟ್ಟಿದೆ. ಹೆದರಿದ ಮಗು ಓಡುವುದು ದೊಡ್ಡವರ ಹತ್ತಿರ. ಹೆದರಿಸುವವರೇ ಅವರಾದರೆ ಎಲ್ಲಿಗೆ ಓಡಬೇಕು? ಓಡಲೂ ಆಗದು, ಹೊಡೆದಾಡಲೂ ಆಗದು. ಆಗ ಮೈ ಮೂರನೇ ದಾರಿ ಹಿಡಿಯುತ್ತದೆ. ಮರಗಟ್ಟುತ್ತದೆ. ಪೆಟ್ಟು ಬೀಳುವಾಗ ನಾನು ಅಲ್ಲಿ ಇರಲೇ ಇಲ್ಲ, ಸೂರಿನ ಮೂಲೆಯಲ್ಲಿ ನಿಂತು ನೋಡುತ್ತಿದ್ದೆ ಅಂತ ಕೆಲವರು ಹೇಳುವುದು ಇದನ್ನೇ.

ಚಿಕ್ಕಂದಿನಲ್ಲಿ ಈ ಗಂಟೆ ಹೇಗೆ ಟ್ಯೂನ್ ಆಗುತ್ತದೆ ಅನ್ನುವುದಕ್ಕೆ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಮೈಕೆಲ್ ಮೀನಿ ಮತ್ತು ಅವರ ತಂಡ ಇಲಿಗಳಲ್ಲಿ ಮಾಡಿದ ಕೆಲಸ ಚೆನ್ನಾದ ಉದಾಹರಣೆ. ಕೆಲವು ತಾಯಿ ಇಲಿಗಳು ಮರಿಗಳನ್ನು ಜಾಸ್ತಿ ನೆಕ್ಕುತ್ತವೆ, ಕೆಲವು ಕಡಿಮೆ. ಜಾಸ್ತಿ ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದ ಮೇಲೆ ಅಷ್ಟು ಬೇಗ ಬೆಚ್ಚುವುದಿಲ್ಲ. ಬೆಚ್ಚಿದರೂ ಬೇಗ ಸುಧಾರಿಸಿಕೊಳ್ಳುತ್ತವೆ. ಇದು ಹೆತ್ತ ತಾಯಿಯಿಂದ ಬಂದ ಗುಣವೇ ಇರಬಹುದಲ್ವಾ ಅಂತ ಕೇಳಬಹುದು. ಅದಕ್ಕೆ ಮರಿಗಳನ್ನು ಅದಲುಬದಲು ಮಾಡಿ ನೋಡಿದರು. ಕಡಿಮೆ ನೆಕ್ಕುವ ತಾಯಿಯ ಮರಿಯನ್ನು ಜಾಸ್ತಿ ನೆಕ್ಕುವ ತಾಯಿ ಸಾಕಿದರೆ ಆ ಮರಿಯೂ ಶಾಂತವಾಗಿ ಬೆಳೆಯಿತು. 2004ರಲ್ಲಿ ಅವರು ಇದರ ಒಳಗುಟ್ಟನ್ನೂ ತೋರಿಸಿದರು. ಕಾರ್ಟಿಸಾಲ್ ಥರದ ಹಾರ್ಮೋನು ಬಂದಾಗ 'ಸಾಕು, ನಿಲ್ಲಿಸು' ಅಂತ ಹೇಳುವ ಗ್ರಾಹಕಗಳು, ಅಂದರೆ ಹಾರ್ಮೋನನ್ನು ಹಿಡಿದುಕೊಳ್ಳುವ ಪುಟ್ಟ ಕೊಂಡಿಗಳು, ಮೆದುಳಿನಲ್ಲಿವೆ. ಅವನ್ನು ತಯಾರಿಸುವ ಜೀನ್ ಎಷ್ಟು ತೆರೆದಿರಬೇಕು ಅನ್ನುವುದನ್ನು ತಾಯಿಯ ಆರೈಕೆ ನಿರ್ಧರಿಸುತ್ತಿತ್ತು. ಮನುಷ್ಯರು ಇಲಿಗಳಲ್ಲ, ನಿಜ. ಆದರೆ ಮುಟ್ಟುವಿಕೆ ಕೂಡ ಮೈಯೊಳಗೆ ಒಂದು ಬರಹ ಬರೆಯುತ್ತದೆ ಅಂತ ಗೊತ್ತಾಗಿದ್ದು ಸಣ್ಣ ವಿಷಯವಲ್ಲ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಮ್ಮಲ್ಲಿ ಗಾದೆ ಇದೆ. ಮಕ್ಕಳಿಗೆ ಬೆತ್ತ ಬೀಸುವಾಗ ದೊಡ್ಡವರು ಹೇಳುವುದೂ ಇದನ್ನೇ. ಗಿಡವಾಗಿದ್ದಾಗ ಬಗ್ಗಿಸಿದ್ದು ಮರವಾದ ಮೇಲೂ ಬಗ್ಗೇ ಇರುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಬಾಲ್ಯದ ಗಾಯ ಅಂದರೆ ಕೆಟ್ಟ ನೆನಪು ಅಂತ ಹಲವರು ಅಂದುಕೊಂಡಿದ್ದಾರೆ. ಎಷ್ಟೋ ಜನರಿಗೆ ನೆನಪೇ ಇರುವುದಿಲ್ಲ. ಮೈಗೆ ಗೊತ್ತಿರುತ್ತದೆ. ಯಾರಾದರೂ ದನಿ ಏರಿಸಿದರೆ ಬಾಯಿ ಕಟ್ಟಿಹೋಗುತ್ತದೆ. 'ನಾಳೆ ಸ್ವಲ್ಪ ಮಾತಾಡ್ಬೇಕು' ಅಂತ ಬಾಸ್ ಮೆಸೇಜ್ ಹಾಕಿದರೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಯಾರಿಗೂ ಇಲ್ಲ ಅನ್ನಲಾಗದೆ ಎಲ್ಲರ ಕೆಲಸವನ್ನೂ ಮೈಮೇಲೆ ಹಾಕಿಕೊಳ್ಳುವುದು. ಅಳಬೇಕಾದ ಕಡೆ ಏನೂ ಅನ್ನಿಸದೆ ನಿಲ್ಲುವುದು. ನಮ್ಮ ಮನೆಗಳಲ್ಲಿ ಇದಕ್ಕೆಲ್ಲ ಒಂದೇ ಹೆಸರು: 'ಅವಳ ಸ್ವಭಾವವೇ ಹಾಗೆ ಬಿಡಿ.'

ಬಾಲ್ಯದ ಗಾಯ ಮೈಯಲ್ಲಿ ಉಳಿಯುತ್ತದೆ ಅನ್ನುವುದನ್ನು ವೈದ್ಯರು ಗಂಭೀರವಾಗಿ ತೆಗೆದುಕೊಂಡಿದ್ದು ಒಂದು ವಿಚಿತ್ರ ಜಾಗದಿಂದ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ವಿನ್ಸೆಂಟ್ ಫೆಲಿಟ್ಟಿ ಅನ್ನುವ ವೈದ್ಯರು ತೂಕ ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟುಹೋಗುತ್ತಿದ್ದರು. ಯಾಕೆ ಅಂತ ಕೇಳುತ್ತಾ ಹೋದಾಗ ಅವರಲ್ಲಿ ಬಹಳ ಮಂದಿ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದ್ದು ಹೊರಗೆ ಬಂತು. ದಪ್ಪ ಮೈ ಅವರಿಗೆ ಒಂದು ಗೋಡೆಯಾಗಿತ್ತು. ಫೆಲಿಟ್ಟಿಯವರೂ ರಾಬರ್ಟ್ ಆಂಡಾ ಅನ್ನುವ ಇನ್ನೊಬ್ಬ ವೈದ್ಯರೂ ಸೇರಿ 17,000ಕ್ಕೂ ಹೆಚ್ಚು ಜನರ ಬಾಲ್ಯ ಮತ್ತು ಆರೋಗ್ಯವನ್ನು ಜೋಡಿಸಿ ನೋಡಿದರು. ಮೊದಲ ವರದಿ ಬಂದಿದ್ದು 1998ರಲ್ಲಿ. ಮೂವರಲ್ಲಿ ಸುಮಾರು ಇಬ್ಬರಿಗೆ ಬಾಲ್ಯದಲ್ಲಿ ಕನಿಷ್ಠ ಒಂದು ಬಗೆಯ ನೋವಾಗಿತ್ತು. ಎಂಟರಲ್ಲಿ ಒಬ್ಬರಿಗೆ ನಾಲ್ಕು ಅಥವಾ ಹೆಚ್ಚು. ನಾಲ್ಕು ಅಥವಾ ಹೆಚ್ಚು ಇದ್ದವರಲ್ಲಿ ಕುಡಿತ, ಖಿನ್ನತೆ, ಆತ್ಮಹತ್ಯೆಯ ಯತ್ನ ಎಲ್ಲವೂ ಒಂದೂ ಇಲ್ಲದವರಿಗಿಂತ ಹಲವು ಪಟ್ಟು ಜಾಸ್ತಿ. ಇವರಲ್ಲಿ ಹೆಚ್ಚಿನವರು ಕೆಲಸ, ವಿಮೆ ಇದ್ದ ಮಧ್ಯಮ ವರ್ಗದ ಜನ ಅನ್ನುವುದನ್ನು ಮರೆಯಬಾರದು.

ನಮ್ಮ ದೇಶದ ಲೆಕ್ಕವೂ ಇದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಮೂವರಲ್ಲಿ ಇಬ್ಬರು ಪೆಟ್ಟು ತಿಂದಿದ್ದರು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದರು. ಕರ್ನಾಟಕ ಆ 13ರಲ್ಲಿ ಇರಲಿಲ್ಲ. ಇದ್ದಿದ್ದರೆ ಬೇರೆ ಏನೋ ಬರುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಒಂದು ಮಾತು. ಈ ಅಂಕಿಗಳು ಗುಂಪಿನ ಬಗ್ಗೆ ಹೇಳುತ್ತವೆ. ನಿಮ್ಮ ಹಣೆಬರಹ ಇದರಲ್ಲಿಲ್ಲ.

ಧ್ಯಾನ ಮೈಗೆ ಏನು ಮಾಡುತ್ತದೆ

ಆಸ್ಪತ್ರೆಯೊಳಗೆ ಧ್ಯಾನವನ್ನು ತಂದ ಹೆಸರು ಜಾನ್ ಕಬಟ್-ಜಿನ್ ಅವರದು. 1979ರಲ್ಲಿ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ, ಔಷಧಿಯಿಂದ ಪೂರ್ತಿ ಗುಣವಾಗದೆ ವರ್ಷಗಟ್ಟಲೆ ನೋವು ಅನುಭವಿಸುತ್ತಿದ್ದವರಿಗೆ ಅವರು ಒಂದು ತರಬೇತಿ ಶುರು ಮಾಡಿದರು. ಬೌದ್ಧ ಧ್ಯಾನ ಮತ್ತು ಹಠಯೋಗದಿಂದ ತೆಗೆದುಕೊಂಡರು, ಧರ್ಮದ ಮಾತನ್ನು ಬಿಟ್ಟರು. ಈಗ ಜಗತ್ತಿನ ಎಲ್ಲ ಕಡೆ ಮೈಂಡ್‌ಫುಲ್‌ನೆಸ್ ಅಂತ ಮಾರುವುದರ ಅಜ್ಜ ಇದೇ. ಅಲ್ಲಿ ಮೊದಲ ಪಾಠ ಏನು ಗೊತ್ತಾ? ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಧಾನಕ್ಕೆ ತಿನ್ನುವುದು. ಮನಸ್ಸು ಖಾಲಿ ಮಾಡಿ ಅಂತ ಯಾರೂ ಹೇಳುವುದಿಲ್ಲ.

ಈ ದ್ರಾಕ್ಷಿಯಲ್ಲೇ ಅರ್ಧ ವಿಷಯ ಇದೆ. ಗಮನವನ್ನು ಒಂದು ಕಡೆ ಇಡುತ್ತೀರಿ. ಅದು ಹೊರಟುಹೋಗುತ್ತದೆ. ಹೋದದ್ದು ಗೊತ್ತಾಗುತ್ತದೆ. ಬೈಯದೆ ವಾಪಸ್ ಕರೆತರುತ್ತೀರಿ. ಇಷ್ಟೇ ಧ್ಯಾನ. ಮನಸ್ಸು ನೂರು ಸಲ ಓಡಿದರೆ ನೂರು ಸಲ ವಾಪಸ್ ಬಂದ ಹಾಗಾಯಿತು. ಅಭ್ಯಾಸ ಆಗುವುದು ಆ ವಾಪಸ್ ಬರುವುದರಲ್ಲೇ. 'ನಂಗೆ ಧ್ಯಾನ ಬರಲ್ಲ, ತುಂಬಾ ಯೋಚನೆ ಬರುತ್ತೆ' ಅನ್ನುವವರು ಮಾಡುತ್ತಿರುವುದು ಧ್ಯಾನವನ್ನೇ. ಬೈಯದೆ ವಾಪಸ್ ಬರುವುದು ಅಂದೆನಲ್ಲ, ಬೈಗುಳದಲ್ಲೇ ಬೆಳೆದವರಿಗೆ ಅದು ಹೊಸ ಭಾಷೆ. ತಪ್ಪು ಮಾಡಿಯೂ ಪೆಟ್ಟು ಬೀಳದ ಜಾಗ ಅವರಿಗೆ ಮೊದಲ ಸಲ ಸಿಗುತ್ತಿರುತ್ತದೆ.

ಇನ್ನು ಉಸಿರು. ಉಸಿರು ಒಳಗೆ ಎಳೆದಾಗ ಎದೆಬಡಿತ ಸ್ವಲ್ಪ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ನಾಡಿ ಹಿಡಿದು ನೋಡಿದರೆ ಹಲವರಿಗೆ ಗೊತ್ತಾಗುತ್ತದೆ. ಮೆದುಳಿನ ಬುಡದಿಂದ ಎದೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ ಇಲ್ಲಿ ಬ್ರೇಕಿನ ಕೆಲಸ ಮಾಡುತ್ತದೆ. ಉಸಿರು ಬಿಡುವಾಗ ಬ್ರೇಕ್ ಬೀಳುತ್ತದೆ. ಅದಕ್ಕೇ ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಟ್ಟರೆ ಮೈ ತಣಿಯುತ್ತದೆ. ಎದೆಬಡಿತಕ್ಕೆ ನೇರವಾಗಿ ಅಪ್ಪಣೆ ಕೊಡಲು ಆಗುವುದಿಲ್ಲ. ಉಸಿರಿಗೆ ಕೊಡಬಹುದು. ಕಾವಲು ಕಾಯುವ ಆ ಮನಸ್ಸಿನ ಹಿತ್ತಿಲ ಬಾಗಿಲು ಅದು.

2001ರಲ್ಲಿ ಇಟಲಿಯ ಲುಸಿಯಾನೊ ಬರ್ನಾರ್ಡಿ ತಂಡ ಒಂದು ಚೆಂದದ ಸಂಗತಿ ಕಂಡುಕೊಂಡಿತು. ಕ್ರೈಸ್ತರ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆ ಹೇಳಿದರೂ, 'ಓಂ ಮಣಿ ಪದ್ಮೇ ಹುಂ' ಹೇಳಿದರೂ ಉಸಿರು ತಾನಾಗಿಯೇ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತಿತ್ತು. ಎದೆಬಡಿತ ಮತ್ತು ರಕ್ತದೊತ್ತಡದ ಏರಿಳಿತಕ್ಕೆ ಒಗ್ಗುವ ವೇಗವೂ ಅದೇ. ನಮ್ಮ ಅಜ್ಜಿಯರು ಮಣಿ ಎಣಿಸುತ್ತಾ ಕೂರುತ್ತಿದ್ದುದು ಸುಮ್ನೆ ಅಲ್ಲ ಅನ್ನಿಸುತ್ತದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರು 2011ರಲ್ಲಿ ಆರೋಗ್ಯವಂತರನ್ನು ಸ್ಕ್ಯಾನರಿನೊಳಗೆ ಮಲಗಿಸಿ 'ಓಂ' ಹೇಳಿಸಿದರು. ಹೋಲಿಸಲು ಬರೀ 'ಸ್ಸ್ಸ್' ಅಂತಲೂ ಹೇಳಿಸಿದರು. ಓಂ ಹೇಳುವಾಗ ಅಮಿಗ್ಡಲಾ ಸೇರಿದಂತೆ ಭಾವನೆಗಳಿಗೆ ಸಂಬಂಧಿಸಿದ ಭಾಗಗಳು ತಣ್ಣಗಾದವು. 'ಸ್ಸ್ಸ್' ಅಂದಾಗ ಹಾಗಾಗಲಿಲ್ಲ. ಪುಟ್ಟ ಅಧ್ಯಯನ ಅದು. ಆದರೂ ಆ 'ಸ್ಸ್ಸ್' ನನಗೆ ಇಷ್ಟ. ಹೋಲಿಕೆ ಇಲ್ಲದ ವಿಜ್ಞಾನ ಬರೀ ಹೊಗಳಿಕೆ.

ಮತ್ತೊಂದು ದಾರಿ, ಹೆಸರಿಡುವುದು. ಭಯ, ಕೋಪ ಕಾಣುವ ಮುಖದ ಚಿತ್ರ ನೋಡುವಾಗ 'ಇದು ಭಯ', 'ಇದು ಕೋಪ' ಅಂತ ಹೆಸರು ಗುರುತಿಸಿದರೆ ಅಮಿಗ್ಡಲಾದ ಗದ್ದಲ ಕಡಿಮೆಯಾಗುತ್ತದೆ ಅಂತ ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ 2007ರಲ್ಲಿ ತೋರಿಸಿದರು. ನಮ್ಮೊಳಗಿನ ಭಾವನೆಗೂ ಹೀಗೇ ಹೆಸರಿಡಬಹುದು. ನಾನು ಹೆದರುಪುಕ್ಕಲ ಅನ್ನುವುದಕ್ಕೂ ಈಗ ನನ್ನೊಳಗೆ ಭಯ ಇದೆ ಅನ್ನುವುದಕ್ಕೂ ವ್ಯತ್ಯಾಸ ಬಹಳ.

ಬಾಲ್ಯದ ಗಾಯಕ್ಕೆ ನೇರ ಸಂಬಂಧ ಇರುವ ಸಾಕ್ಷಿ ಯಾವುದು ಅಂದರೆ ನಾನು ಬ್ರಿಟನ್ನಿನ ಒಂದು ಪ್ರಯೋಗವನ್ನು ತೋರಿಸುತ್ತೇನೆ. 2014ರಲ್ಲಿ ಆಕ್ಸ್‌ಫರ್ಡ್‌ನ ಮಾರ್ಕ್ ವಿಲಿಯಮ್ಸ್ ಮತ್ತು ಸಂಗಡಿಗರು ಅದನ್ನು ಪ್ರಕಟಿಸಿದರು. ಮತ್ತೆ ಮತ್ತೆ ಖಿನ್ನತೆಗೆ ಬಿದ್ದು ಎದ್ದಿದ್ದ 274 ಜನ. ಮೂರು ಗುಂಪು. ಒಂದಕ್ಕೆ ಧ್ಯಾನ ಸೇರಿಸಿದ ಚಿಕಿತ್ಸೆ. ಇನ್ನೊಂದಕ್ಕೆ ಅದೇ ಚಿಕಿತ್ಸೆ, ಧ್ಯಾನ ಮಾತ್ರ ಇಲ್ಲ. ಮೂರನೆಯದಕ್ಕೆ ಮಾಮೂಲಿ ಆರೈಕೆ. ಒಟ್ಟಾರೆ ನೋಡಿದರೆ ಧ್ಯಾನದ ಗುಂಪು ಎದ್ದು ಕಾಣುವಷ್ಟು ಮುಂದಿರಲಿಲ್ಲ. ಆದರೆ ಬಾಲ್ಯದಲ್ಲಿ ಜಾಸ್ತಿ ನೊಂದವರನ್ನು ಬೇರೆ ಮಾಡಿ ನೋಡಿದಾಗ ಚಿತ್ರ ಬದಲಾಯಿತು. ಮಾಮೂಲಿ ಆರೈಕೆಗೆ ಹೋಲಿಸಿದರೆ, ಅವರು ಮತ್ತೆ ಖಿನ್ನತೆಗೆ ಬೀಳುವುದನ್ನು ಧ್ಯಾನ ಸ್ಪಷ್ಟವಾಗಿ ಕಡಿಮೆ ಮಾಡಿತ್ತು. ಅಂದರೆ ಯಾರಿಗೆ ಧ್ಯಾನ ಅತಿ ಕಷ್ಟವೋ ಅವರಿಗೇ ಅದು ಜಾಸ್ತಿ ಉಪಯೋಗಕ್ಕೆ ಬಂತು. ಆದರೆ ಅದನ್ನು ಕಲಿಸಿದ್ದು ನುರಿತವರು, ವಾರ ವಾರ, ಜೊತೆಗಿದ್ದು.

ಹೊಗಳಿಕೆ ಇಲ್ಲಿಗೆ ಸಾಕು. ಎಂಟು ವಾರ ಧ್ಯಾನ ಮಾಡಿದರೆ ಮೆದುಳಿನ ಆಕಾರವೇ ಬದಲಾಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಓದಿರುತ್ತೀರಿ. ಹಿಂದಿನ ಸಣ್ಣ ಅಧ್ಯಯನಗಳು ಹಾಗೆ ಹೇಳಿದ್ದವು. 2022ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಜಾಸ್ತಿ ಜನರ ಮೇಲೆ, ಬಿಗಿಯಾಗಿ ಮತ್ತೆ ಮಾಡಿ ನೋಡಿದಾಗ ಅಂಥ ಬದಲಾವಣೆ ಕಾಣಲಿಲ್ಲ. 2014ರಲ್ಲಿ 47 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದವರು ಆತಂಕ, ಖಿನ್ನತೆ, ನೋವಿಗೆ ಧ್ಯಾನದಿಂದ ಸಾಧಾರಣ ಮಟ್ಟದ ಉಪಯೋಗ ಇದೆ ಅಂದರು. ಪವಾಡ ಅನ್ನಲಿಲ್ಲ. ಸಾಧಾರಣ ಉಪಯೋಗವೇನೂ ಕಡಿಮೆ ಅಲ್ಲ. ರಾತ್ರಿ ಒಂದು ಗಂಟೆ ಜಾಸ್ತಿ ನಿದ್ದೆ ಬಂದರೆ ಅದೇ ದೊಡ್ಡದು.

ಎಲ್ಲಿ ಎಡವುತ್ತದೆ

ಧ್ಯಾನ ಕೆಲವರಿಗೆ ಕೆಡುಕನ್ನೂ ಮಾಡುತ್ತದೆ. ಇದನ್ನು ಹೇಳಿದರೆ ನಮ್ಮಲ್ಲಿ ಜನ ಮುಖ ಗಂಟು ಹಾಕಿಕೊಳ್ಳುತ್ತಾರೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ವಿಲೋಬಿ ಬ್ರಿಟನ್ ಮತ್ತು ಜೇರೆಡ್ ಲಿಂಡಾಲ್ 2017ರಲ್ಲಿ ವರ್ಷಗಟ್ಟಲೆ ಧ್ಯಾನ ಮಾಡಿದವರನ್ನೂ ಗುರುಗಳನ್ನೂ ಮಾತಾಡಿಸಿ ಬರೆದರು. ಭಯ, ಗಾಬರಿ, ನಿದ್ದೆಗೇಡು, ಹಳೆಯ ಆಘಾತ ಮತ್ತೆ ಕಣ್ಣೆದುರು ಬರುವುದು, ಎಲ್ಲವೂ ಆ ಪಟ್ಟಿಯಲ್ಲಿದೆ.

ಯಾಕೆ ಹೀಗಾಗುತ್ತದೆ ಅನ್ನುವುದು ಈಗ ನಿಮಗೇ ಹೊಳೆದಿರಬಹುದು. ದಿನವಿಡೀ ಕೆಲಸ, ಫೋನು, ಮಾತು ಅಂತ ಹೊರಗಿನ ಗದ್ದಲದಿಂದ ಒಳಗಿನ ಗಂಟೆಯನ್ನು ಮುಚ್ಚಿಟ್ಟಿರುತ್ತೇವೆ. ಕಣ್ಣು ಮುಚ್ಚಿ ಕೂತರೆ ಹೊರಗಿನದು ನಿಲ್ಲುತ್ತದೆ. ಒಳಗಿನದೊಂದೇ ಕೇಳಿಸುತ್ತದೆ. ಉಸಿರಿನ ಮೇಲೆ ಗಮನ ಇಡಿ ಅನ್ನುತ್ತಾರೆ. ಬಾಯಿ ಒತ್ತಿಹಿಡಿಸಿಕೊಂಡ ಮಗುವಿಗೆ ಉಸಿರೇ ಭಯದ ಜಾಗ. ಈಗ ಹೊಟ್ಟೆಯ ಕೆಳಭಾಗವನ್ನು ಗಮನಿಸಿ ಅನ್ನುತ್ತಾರೆ. ಲೈಂಗಿಕ ದೌರ್ಜನ್ಯ ಅನುಭವಿಸಿದವರಿಗೆ ಆ ಒಂದು ವಾಕ್ಯ ಸಾಕು.

ಚಿಕಿತ್ಸಕರು 'ತಾಳಿಕೆಯ ಕಿಟಕಿ' ಅನ್ನುವ ಅರ್ಥದ ಒಂದು ಮಾತು ಬಳಸುತ್ತಾರೆ. ಮನೋವೈದ್ಯ ಡ್ಯಾನಿಯಲ್ ಸೀಗಲ್ ಕೊಟ್ಟ ಮಾತು. ಕಿಟಕಿಯೊಳಗೆ ಇದ್ದಾಗ ನೋವಾದರೂ ತಡೆದುಕೊಳ್ಳಬಹುದು, ಯೋಚಿಸಬಹುದು. ಮೇಲೆ ಹಾರಿದರೆ ಗಾಬರಿ. ಕೆಳಗೆ ಜಾರಿದರೆ ಮರಗಟ್ಟುವಿಕೆ. ಗಾಬರಿಯಾದವರು ಎದ್ದು ಹೋಗುತ್ತಾರೆ, ನನ್ನ ಹಾಗೆ. ಅವರು ಕಣ್ಣಿಗೆ ಬೀಳುತ್ತಾರೆ. ಮರಗಟ್ಟಿದವರು ಬೀಳುವುದಿಲ್ಲ. ಅವರು ಒಂದು ಗಂಟೆ ಕಲ್ಲಿನ ಹಾಗೆ ಕೂರುತ್ತಾರೆ. ಮೈ ಗೊತ್ತಾಗುತ್ತಿಲ್ಲ, ಎಲ್ಲೋ ತೇಲುತ್ತಿದ್ದೇನೆ ಅನ್ನುತ್ತಾರೆ. ಸುತ್ತಲಿನವರು 'ಎಂಥಾ ಸಮಾಧಿ ಸ್ಥಿತಿ' ಅಂತ ಕೈ ಮುಗಿಯುತ್ತಾರೆ. ಅವರು ಮಾತ್ರ ಐದನೇ ವಯಸ್ಸಿನಲ್ಲಿ ಕಲಿತ ಸೂರಿನ ಮೂಲೆಗೆ ವಾಪಸ್ ಹೋಗಿರುತ್ತಾರೆ. ಹೇಗೆ ಗುರುತಿಸುವುದು? ನಿಜವಾದ ಶಾಂತಿಯಲ್ಲಿ ಕಾಲಿನ ಬೆರಳು ಇರುವುದು ಗೊತ್ತಾಗುತ್ತದೆ, ಹೊರಗೆ ಹಾರನ್ ಕೇಳಿಸುತ್ತದೆ, ಕರೆದರೆ ಓಗೊಡಬಹುದು. ಮರಗಟ್ಟಿದಾಗ ಇದ್ಯಾವುದೂ ಇರುವುದಿಲ್ಲ. ಎದ್ದ ಮೇಲೂ ಮಂಕು ಬಿಡುವುದಿಲ್ಲ.

ಹತ್ತು ದಿನದ ಮೌನ ಶಿಬಿರಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಎಷ್ಟೋ ಜನರಿಗೆ ಅದು ಬದುಕನ್ನೇ ಬದಲಿಸಿದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ದಿನಕ್ಕೆ ಹತ್ತು ಗಂಟೆ ಕೂತು, ಯಾರ ಜೊತೆಗೂ ಮಾತಿಲ್ಲದೆ, ಮನೆಗೆ ಫೋನೂ ಇಲ್ಲದೆ ಇರುವುದು ಈಜು ಬಾರದವರು ತುಂಬಿದ ಹೊಳೆಗೆ ಇಳಿದ ಹಾಗೆ. ಸೇರುವ ಮೊದಲು ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಪ್ರಶ್ನೆ ಇರುತ್ತದೆ. ಅದನ್ನು ಮುಚ್ಚಿಡಬೇಡಿ. ನನ್ನ ಮಾತು ಕೇಳುವುದಾದರೆ, ಮೊದಲು ದಡದಲ್ಲಿ ಕಾಲು ನೆನೆಸಿಕೊಳ್ಳಿ.

ಹೊರಗಿನಿಂದ ಒಳಗೆ

ಹಾಗಾದರೆ ಆ ಬೇರೆ ಬಾಗಿಲು ಯಾವುದು? ಕಣ್ಣು ತೆರೆದೇ ಇರಲಿ. ಇದೊಂದೇ ಬದಲಾವಣೆ ಅರ್ಧ ಕೆಲಸ ಮಾಡುತ್ತದೆ.

ಕಣ್ಣು ಮುಚ್ಚಿದರೇ ಧ್ಯಾನ ಅಂತ ನಾವು ಯಾವಾಗ ನಂಬಿದೆವೋ ಗೊತ್ತಿಲ್ಲ. ನಮ್ಮ ನೆಲದ ಇಷ್ಟಲಿಂಗ ಪೂಜೆಯನ್ನೇ ನೋಡಿ. ಎಡಗೈಯ ಅಂಗೈಯಲ್ಲಿ ಲಿಂಗ, ಅದರ ಮೇಲೆ ನೆಟ್ಟ ನೋಟ. ಕಣ್ಣಿಗೆ ಒಂದು ವಸ್ತು, ಕೈಗೆ ಅದರ ಭಾರ, ಚರ್ಮಕ್ಕೆ ಅದರ ತಂಪು. ಮೂರೂ ಇಲ್ಲಿ, ಈ ಕ್ಷಣದಲ್ಲಿ ನಿಂತಿವೆ. ಹನ್ನೆರಡನೇ ಶತಮಾನದ ಶರಣರು ಇದನ್ನು ಆಘಾತದ ಚಿಕಿತ್ಸೆ ಅಂತ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಅವರ ಗುರಿಯೇ ಬೇರೆ. ಆದರೆ ಹೆದರಿದ ಮೈಗೆ ಒಗ್ಗುವ ಧ್ಯಾನದ ಅಚ್ಚು ನಮ್ಮ ಮನೆಗಳಲ್ಲೇ ಇತ್ತು. ಭಕ್ತಿ ಇಲ್ಲದವರು ಒಂದು ಹೊಳೆಕಲ್ಲನ್ನೋ ಹುಣಸೆ ಬೀಜವನ್ನೋ ಹಿಡಿದು ನೋಡಬಹುದು.

ನಾನು ಶುರು ಮಾಡಿದ್ದು ಹೀಗೆ. ಬೆನ್ನಿಗೆ ಗೋಡೆ, ಎದುರಿಗೆ ಬಾಗಿಲು. ಯಾರೂ ಹಿಂದಿನಿಂದ ಬರಲಾರರು ಅಂತ ಮೈಗೆ ಗೊತ್ತಿರಬೇಕು. ಎರಡೂ ಪಾದ ನೆಲಕ್ಕೆ. ನಮ್ಮ ಮನೆಯ ರೆಡ್ ಆಕ್ಸೈಡ್ ನೆಲ ತಣ್ಣಗಿರುತ್ತದೆ, ಅದು ನನಗೆ ದೊಡ್ಡ ಸಹಾಯ. ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಮನಸ್ಸಿನಲ್ಲೇ ಹೇಳುತ್ತೇನೆ. ತುಳಸಿ ಕುಂಡ, ಚಪ್ಪಲಿ, ಕ್ಯಾಲೆಂಡರ್, ನೀರಿನ ಕ್ಯಾನ್, ಬಲ್ಬು. ಆಮೇಲೆ ಕೇಳಿಸುವುದು. ಕುಕ್ಕರ್, ಕಾಗೆ, ಪಕ್ಕದ ಮನೆಯ ಟಿವಿ. ಆಮೇಲೆ ಪಾದಕ್ಕೆ ತಗಲುವ ತಂಪು. ಉಸಿರಿನ ಸರದಿ ಕೊನೆಗೆ, ಅದೂ ಬೇಕು ಅನ್ನಿಸಿದರೆ. ಒಳಗೆ ಎಳೆದದ್ದಕ್ಕಿಂತ ಸ್ವಲ್ಪ ಉದ್ದಕ್ಕೆ ಬಿಡುವುದು, ಅಷ್ಟೇ. ಮೊದಲ ತಿಂಗಳು ಎರಡೇ ನಿಮಿಷ. ಇನ್ನೂ ಕೂರಬೇಕು ಅನ್ನಿಸುವಾಗಲೇ ಎದ್ದುಬಿಡುತ್ತಿದ್ದೆ. ನಾನು ಬೇಕಾದಾಗ ಎದ್ದು ಹೋಗಬಹುದು ಅನ್ನುವುದನ್ನು ಮೈ ಕಲಿಯಬೇಕಿತ್ತು. ಚಿಕ್ಕಂದಿನಲ್ಲಿ ಅದಕ್ಕೆ ಆ ಸ್ವಾತಂತ್ರ್ಯ ಇರಲಿಲ್ಲವಲ್ಲ.

ಕೂರಲೇ ಆಗದವರು ನಡೆಯಬಹುದು. ದೇವಸ್ಥಾನದ ಪ್ರದಕ್ಷಿಣೆಯ ಥರ ನಿಧಾನಕ್ಕೆ, ಹೆಜ್ಜೆ ಎತ್ತಿದ್ದು, ಇಟ್ಟದ್ದು ಗೊತ್ತಾಗುವ ಹಾಗೆ. ಹೂ ಕಟ್ಟುವುದು, ಚುಕ್ಕಿ ರಂಗೋಲಿ, ಅವರೆಕಾಯಿ ಸುಲಿಯುವುದು ಕೂಡ ಆಗುತ್ತದೆ. ಕೈಯಲ್ಲಿ ಕೆಲಸ, ಗಮನ ಕೈಯಲ್ಲಿ.

ಕೆಲವು ವಾರ ಆದ ಮೇಲೆ ಎದೆಯಲ್ಲಿ ಒಂದು ಬಿಗಿತ, ಗಂಟಲಲ್ಲಿ ಒಂದು ಉಂಡೆ ಕಾಣಿಸಬಹುದು. ಒಳಗೆ ನುಗ್ಗಬೇಡಿ. ಉಯ್ಯಾಲೆಯ ಹಾಗೆ ಹೋಗಿ ಬನ್ನಿ. ಒಂದೆರಡು ಉಸಿರಿನಷ್ಟು ಹೊತ್ತು ಆ ಬಿಗಿತದ ಅಂಚಿಗೆ, ಮತ್ತೆ ಪಾದದ ತಂಪಿಗೆ. ಹೀಗೆ ಹೋಗಿ ಬರುವಾಗ ಮೈಗೆ ಒಂದು ಹೊಸ ಸುದ್ದಿ ತಲುಪುತ್ತದೆ: ಇದು ಬರುತ್ತದೆ, ಇದು ಹೋಗುತ್ತದೆ ಕೂಡ. ಗಾಬರಿ ಜಾಸ್ತಿಯಾದರೆ ನಿಲ್ಲಿಸಿ, ತಣ್ಣೀರಲ್ಲಿ ಮುಖ ತೊಳೆದು, ಯಾರಿಗಾದರೂ ಫೋನ್ ಮಾಡಿ. ಇದು ಪರೀಕ್ಷೆ ಅಲ್ಲ, ಫೇಲ್ ಆಗುವುದಿಲ್ಲ.

ಮೈತ್ರಿ ಧ್ಯಾನ ಅಂತ ಇನ್ನೊಂದಿದೆ. ನಾನು ಸುಖವಾಗಿರಲಿ, ಎಲ್ಲರೂ ಸುಖವಾಗಿರಲಿ ಅಂತ ಹಾರೈಸುವುದು. ಒಳ್ಳೆಯದೇ. ಆದರೆ 'ನೀನು ಯಾಕಾದರೂ ಹುಟ್ಟಿದೆಯೋ' ಅಂತ ಕೇಳುತ್ತಾ ಬೆಳೆದವರಿಗೆ 'ನಾನು ಸುಖವಾಗಿರಲಿ' ಅನ್ನುವುದು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಬೀದಿಯ ನಾಯಿಮರಿಗೋ, ಚಿಕ್ಕಂದಿನಲ್ಲಿ ಕರೆದು ಬೆಲ್ಲ ಕೊಡುತ್ತಿದ್ದ ಪಕ್ಕದ ಮನೆಯ ಅಜ್ಜಿಗೋ ಮೊದಲು ಹಾರೈಸಿ. ನಿಮ್ಮ ಸರದಿ ನಿಧಾನಕ್ಕೆ ಬರಲಿ. ಹೊಡೆದವರಿಗೂ ಹಾರೈಸಿ, ಕ್ಷಮಿಸಿಬಿಡಿ, ಎಷ್ಟಾದರೂ ಹೆತ್ತವರಲ್ವಾ ಅಂತ ಯಾರಾದರೂ ಒತ್ತಾಯ ಮಾಡಿದರೆ ಕೇಳಬೇಕಾಗಿಲ್ಲ. ಕ್ಷಮೆ ನಿಮ್ಮ ಸ್ವಂತ ವಿಷಯ. ಧ್ಯಾನಕ್ಕೆ ಅದು ಫೀಸಲ್ಲ.

ಧ್ಯಾನ ಸಾಲದೆ ಹೋದಾಗ

ಹೊಡೆತ ಇವತ್ತಿಗೂ ನಡೆಯುತ್ತಿದ್ದರೆ ಧ್ಯಾನ ಮಾಡಿ ಅಂತ ಹೇಳುವುದು ಕ್ರೌರ್ಯ. ಅಲ್ಲಿ ಅಮಿಗ್ಡಲಾ ಸರಿಯಾಗೇ ಕೆಲಸ ಮಾಡುತ್ತಿದೆ. ಮೊದಲು ಹೊರಗೆ ಬರುವ ದಾರಿ ಬೇಕು. ಮಗುವಿನ ವಿಷಯವಾದರೆ 1098ಕ್ಕೆ ಫೋನ್ ಮಾಡಿ.

ಹಳೆಯದು ಕನಸಿನಲ್ಲಿ, ಹಗಲಿನಲ್ಲಿ ಮತ್ತೆ ಮತ್ತೆ ನುಗ್ಗುತ್ತಿದ್ದರೆ, ಬದುಕುವುದೇ ಬೇಡ ಅನ್ನಿಸುತ್ತಿದ್ದರೆ ಒಬ್ಬರೇ ಕೂತು ಧ್ಯಾನದಿಂದ ಬಗೆಹರಿಸಲು ಹೋಗಬೇಡಿ. ಆಘಾತಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳಿವೆ. ಕಣ್ಣಾಡಿಸುತ್ತಾ ನೆನಪನ್ನು ಹದಗೊಳಿಸುವ ಇಎಂಡಿಆರ್ ಅನ್ನುವ ವಿಧಾನ ಇದೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಇವೆರಡನ್ನೂ ಶಿಫಾರಸು ಮಾಡಿದೆ. ದೊಡ್ಡ ಊರಿಗೇ ಹೋಗಬೇಕು ಅಂತಿಲ್ಲ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡುವ ದೇಶದ ಯೋಜನೆಗೆ ಮಾದರಿಯಾಗಿದ್ದೇ ನಮ್ಮ ಬಳ್ಳಾರಿ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಮಾಡಿ ತೋರಿಸಿದ್ದರು. ಜಿಲ್ಲಾಸ್ಪತ್ರೆಯಲ್ಲಿ ಕೇಳಿ. ಅಷ್ಟೂ ಆಗದಿದ್ದರೆ 14416. ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ಇದೆ. ಹಣ ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಚಿಕಿತ್ಸೆಯ ಜೊತೆಗೆ ಧ್ಯಾನ ಇದ್ದರೆ ಒಂದಕ್ಕೊಂದು ಆಸರೆ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಧ್ಯಾನ ಶುರು ಮಾಡಿದೆ ಅಂತ ನಿಲ್ಲಿಸಲೇಬಾರದು.

ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳಿದರೆ ನನ್ನ ಹತ್ತಿರ ಲೆಕ್ಕ ಇಲ್ಲ. ನಾನು ಚಿಕಿತ್ಸಕರೊಬ್ಬರ ಬಳಿ ಹೋಗುತ್ತಾ, ಬೆಳಿಗ್ಗೆ ಹತ್ತು ನಿಮಿಷ ಕಣ್ಣು ತೆರೆದು ಕೂರುತ್ತಾ ಮೂರು ವರ್ಷವಾಯಿತು. ಹಾಲ್‌ನಲ್ಲಿ ಎಲ್ಲರ ಜೊತೆ ಕಣ್ಣು ಮುಚ್ಚಲು ಈಗಲೂ ಆಗುವುದಿಲ್ಲ. ಹಿಂದಿನ ಸಾಲಲ್ಲಿ, ಬಾಗಿಲ ಪಕ್ಕ ಕೂರುತ್ತೇನೆ.

ಮೊನ್ನೆ ಬೆಳಿಗ್ಗೆ ಕೂತಿದ್ದಾಗ ಗೇಟಿನ ಚಿಲಕ ದಡಾರ್ ಅಂತು. ಭುಜ ಎರಡೂ ಕಿವಿಯ ಹತ್ತಿರ ಬಂದವು. ಭಯ, ಅಂತ ಒಳಗೇ ಅಂದುಕೊಂಡೆ. ಪಾದದ ಕೆಳಗೆ ನೆಲ ತಣ್ಣಗಿತ್ತು. ಭುಜ ತಾನಾಗಿ ಕೆಳಗಿಳಿಯಿತು. ಎದ್ದು ಹೋಗಿ ಹಾಲಿನ ಪ್ಯಾಕೆಟ್ ತೆಗೆದುಕೊಂಡೆ.